ಬೊಗಳುವ ನಾಯಿ ಇರಲಿ, ಬೆನ್ನಟ್ಟುವ ಗುಂಪು ಬೇಡ

ಭತ್ತ ಹಾಲುಗಟ್ಟುವ ಕಾಲ ಬಂತೆಂದರೆ ಮಲೆನಾಡು, ಕರಾವಳಿಯ ರೈತರಿಗೆ ಕಾಡುಹಂದಿಯ ಚಿಂತೆ ಶುರು. ಒಂದು ಹಿಂಡು ಒಂದು ರಾತ್ರಿ ಗದ್ದೆಗೆ ಇಳಿದರೆ ಸಾಕು, ತಿಂದದ್ದಕ್ಕಿಂತ ತುಳಿದು ಹೊರಳಾಡಿ ಹಾಳು ಮಾಡಿದ್ದೇ ಹೆಚ್ಚು. ಮೆಕ್ಕೆಜೋಳ, ಗೆಣಸು, ಮರಗೆಣಸು, ಸುವರ್ಣಗೆಡ್ಡೆ, ಬಾಳೆ ಯಾವುದನ್ನೂ ಬಿಡೋದಿಲ್ಲ. ಅಡಿಕೆ ತೋಟಕ್ಕೆ ಬಂದರೆ ಎರೆಹುಳು ಹುಡುಕಿ ಬುಡ ಕೆದಕುತ್ತವೆ, ಆಗಷ್ಟೇ ನೆಟ್ಟ ಸಸಿಗಳನ್ನು ಮಗುಚಿ ಹಾಕುತ್ತವೆ. ನಾಲ್ಕು ತಿಂಗಳ ದುಡಿಮೆ ಬೆಳಗಾಗುವಷ್ಟರಲ್ಲಿ ಕೆಸರು.

ಇಂಥ ಹೊತ್ತಲ್ಲಿ ಪರಿಚಯದವರು ಯಾರೋ ಬಂದು "ನಮ್ಮ ಹುಡುಗರಿದ್ದಾರೆ, ಒಳ್ಳೆ ನಾಯಿಗಳಿವೆ. ಒಂದು ರಾತ್ರಿ ಬಿಟ್ಟು ನೋಡಿ, ಆಮೇಲೆ ಹಂದಿ ಈ ಕಡೆ ತಲೆ ಹಾಕಲ್ಲ" ಅಂದರೆ ಯಾರಿಗಾದರೂ ಹೂಂ ಅನ್ನೋಣ ಅನ್ನಿಸುತ್ತದೆ. ಹೊಟ್ಟೆ ಉರಿದವನಿಗೆ ಕಾನೂನು, ನ್ಯಾಯ ಎಲ್ಲ ಆಮೇಲೆ.

ಆದರೂ ನನ್ನ ಮಾತು ಇಷ್ಟೇ: ಆ ಗುಂಪಿಗೆ ಬೇಡ ಅನ್ನಿ. ಬೆಳೆ ಕಾಯೋಕೆ ನಾಯಿ ಬೇಕು, ಅದು ನಿಮ್ಮ ಅಂಗಳದಲ್ಲಿ ನಿಂತು ಬೊಗಳುವ ನಾಯಿ. ಹತ್ತು ನಾಯಿ ಬಿಟ್ಟು ಕಾಡೆಲ್ಲ ಅಟ್ಟಾಡಿಸುವ ಶಿಕಾರಿ ಗುಂಪು ಬೆಳೆ ಕಾಯೋದಿಲ್ಲ. ಅದು ಊರಿಗೆ ಹೊಸ ಕಾಟವನ್ನು ತಂದಿಟ್ಟು ಹೋಗುತ್ತದೆ.

ಎರಡು ಥರದ ನಾಯಿ

ನಾಯಿ ಅಂದರೆ ಎಲ್ಲ ಒಂದೇ ಅಂತ ತಿಳಿಯಬೇಡಿ. ತೋಟ ಕಾಯುವ ನಾಯಿಯ ಕೆಲಸ ಸುದ್ದಿ ಮುಟ್ಟಿಸೋದು. ಬೇಲಿಯಾಚೆ ಸದ್ದಾದರೆ ಅದು ಬೊಗಳುತ್ತದೆ, ನೀವು ಎದ್ದು ಟಾರ್ಚ್ ಬಿಡುತ್ತೀರಿ, ಒಂದು ಕೂಗು ಹಾಕುತ್ತೀರಿ, ಹಂದಿ ದಾರಿ ಬದಲಿಸುತ್ತದೆ. ಅಷ್ಟಾದರೆ ಅವತ್ತಿನ ಬೆಳೆ ಉಳಿಯಿತು. ಇದಕ್ಕೆ ನಮ್ಮ ನಾಡತಳಿಯ ನಾಯಿಯೇ ಬೇಕಾದಷ್ಟಾಯಿತು. ಬಯಲುಸೀಮೆಯ ಕುರಿಗಾಹಿಗಳನ್ನು ನೋಡಿ. ಅವರ ಹಟ್ಟಿಯ ನಾಯಿ ತೋಳದ ವಾಸನೆ ಬಂದರೆ ಊರಿಗೇ ಕೇಳುವಂತೆ ಬೊಗಳುತ್ತದೆ, ಆದರೆ ಕುರಿ ಬಿಟ್ಟು ಮೈಲಿಗಟ್ಟಲೆ ಅಟ್ಟಿಕೊಂಡು ಹೋಗೋದಿಲ್ಲ. ಹಾಗೆ ಹೋಗುವ ನಾಯಿಯನ್ನು ಕುರಿಗಾಹಿ ಇಟ್ಟುಕೊಳ್ಳೋದೂ ಇಲ್ಲ. ನಾಯಿ ದೂರ ಹೋದ ಹೊತ್ತಿನಲ್ಲೇ ಹಟ್ಟಿಗೆ ತೋಳ ನುಗ್ಗುತ್ತದೆ ಅಂತ ಅವನಿಗೆ ಗೊತ್ತು.

ಬೇಟೆ ನಾಯಿಯ ಸ್ವಭಾವ ಬೇರೆ. ಅದಕ್ಕೆ ಓಡುವ ಪ್ರಾಣಿ ಕಂಡರೆ ಮುಗಿಯಿತು. ಮುಧೋಳ ನಾಯಿಯನ್ನೇ ತೆಗೆದುಕೊಳ್ಳಿ. ಅದು ಬಯಲಿನಲ್ಲಿ ಕಣ್ಣಿಟ್ಟು, ಓಡಿ ಹಿಡಿಯೋಕೆ ಬೆಳೆಸಿದ ತಳಿ. ಓಟಕ್ಕೆ ಅದನ್ನು ಮೀರಿಸುವ ನಾಯಿ ಸಿಗೋದು ಕಷ್ಟ. ಆದರೆ ಹತ್ತಡಿ ಆಚೆ ಕಾಣದ ಅಡಿಕೆ ತೋಟದಲ್ಲಿ ಅದರ ಓಟ ಯಾವ ಕೆಲಸಕ್ಕೆ? ಹೆಸರು ಕೇಳಿ ಸಾವಿರಾರು ರೂಪಾಯಿ ಕೊಟ್ಟು ತಂದು, ಗೂಟಕ್ಕೆ ಕಟ್ಟಿ, "ಇದು ಬೊಗಳೋದೇ ಇಲ್ಲ ಮಾರಾಯ್ರೆ" ಅಂತ ದೂರುವವರು ಬಹಳ ಜನ. ತಪ್ಪು ನಾಯಿಯದ್ದಲ್ಲ.

ಅಟ್ಟಿದ ಹಂದಿ ಎಲ್ಲಿಗೆ ಹೋಗುತ್ತದೆ?

ಶಿಕಾರಿ ಗುಂಪಿನವರು ಹೇಳದೇ ಇರುವ ಸಂಗತಿ ಇದು. ಅಟ್ಟಿದ ಹಂದಿ ಕಾಡಿಗೇ ಹೋಗಬೇಕೆಂದಿಲ್ಲ. ಹಿಂಡು ಒಡೆದು ನಾಲ್ಕು ದಿಕ್ಕಿಗೆ ಚದುರುತ್ತದೆ. ಒಂದು ಪಾಲು ಪಕ್ಕದವರ ಗದ್ದೆಗೆ, ಇನ್ನೊಂದು ಪಾಲು ಹಳ್ಳದ ಪೊದೆಗೆ. ಒಂದೆರಡು ರಾತ್ರಿ ಶಾಂತ, ಆಮೇಲೆ ಮತ್ತೆ ಅದೇ ದಾರಿ. ಗದ್ದೆಯಲ್ಲಿ ತಿನ್ನೋಕೆ ಇರುವ ತನಕ, ಬೇಲಿಯಲ್ಲಿ ನುಸುಳೋಕೆ ಜಾಗ ಇರುವ ತನಕ ಹಂದಿ ಬರುತ್ತಲೇ ಇರುತ್ತದೆ. ಒಂದೋ ಎರಡೋ ಸತ್ತವು ಅಂತ ಲೆಕ್ಕ ಹಾಕಿದರೂ, ಹೆಣ್ಣು ಹಂದಿ ಒಂದೇ ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ಲೆಕ್ಕ ಸರಿಹೋಗೋಕೆ ಎಷ್ಟು ದಿನ ಬೇಕು?

ಗಾಯಗೊಂಡ ಹಂದಿಯ ಕತೆ ಇನ್ನೂ ಕೆಟ್ಟದ್ದು. ರಾತ್ರಿ ನಾಯಿ ಕಚ್ಚಿದ, ಗುಂಡು ತಾಗಿಯೂ ಸಾಯದ ಹಂದಿ ಪೊದೆಯಲ್ಲಿ ಅಡಗಿರುತ್ತದೆ. ಶಿಕಾರಿಯವರು ಬೆಳಗಿನ ಜಾವ ಜೀಪು ಹತ್ತಿ ಹೋಗಿರುತ್ತಾರೆ. ಬೆಳಿಗ್ಗೆ ಎಂಟು ಗಂಟೆಗೆ ಕತ್ತಿ ಹಿಡಿದು ಸೊಪ್ಪಿಗೆ ಹೋಗೋದು ಮನೆಯ ಹೆಂಗಸರು, ಕೆಲಸದವರು. ಆ ಹಂದಿಗೆ ಎದುರಾಗೋದು ಅವರು. ಕೋರೆ ತೊಡೆಗೆ ಹೊಕ್ಕರೆ ಆಸ್ಪತ್ರೆ ತಲುಪುವಷ್ಟರಲ್ಲಿ ಆಗೋ ರಕ್ತಸ್ರಾವವೇ ಜೀವಕ್ಕೆ ಕುತ್ತು.

ಬೇಟೆ ನಾಯಿಗಳೂ ಗಡಿ ಕಲ್ಲು ನೋಡಿಕೊಂಡು ಓಡೋದಿಲ್ಲ. ಹತ್ತು ನಾಯಿ ಒಟ್ಟಿಗೆ ಕಾಲುಕಿತ್ತು ಓಡಿದಾಗ ಸಸಿಮಡಿ, ಹನಿ ನೀರಾವರಿ ಪೈಪು, ಕರು, ಕೋಳಿ ಏನು ಅಡ್ಡ ಬಂದರೂ ಅಷ್ಟೇ. ಕಾಡು ಸುತ್ತಿ ಬಂದ ನಾಯಿ ಮೈತುಂಬ ಉಣುಗು ಹೊತ್ತು ತರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡೋದು ಉಣುಗಿನಿಂದ. ಆ ಭಯದಲ್ಲಿ ಬದುಕುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಬೇಟೆಯ ಹಸಿ ಕರುಳು ತಿಂದ ನಾಯಿಗೆ ಜಂತುಹುಳು ಸೇರಿಕೊಳ್ಳುತ್ತದೆ. ಅದೇ ನಾಯಿ ನಿಮ್ಮ ಅಂಗಳದಲ್ಲಿ, ಮಕ್ಕಳ ಮಧ್ಯೆ ಓಡಾಡುತ್ತದೆ.

ನಾಯಿಗಿಂತ ಜನರ ಕಾಟ

ಶಿಕಾರಿಗೆ ಬರುವವರೆಲ್ಲ ಕೆಟ್ಟವರು ಅಂತ ನಾನು ಹೇಳೋದಿಲ್ಲ. ಬೆಳೆ ಉಳಿಸಿಕೊಳ್ಳಬೇಕು ಅನ್ನುವ ನಮ್ಮಂಥ ರೈತರೂ ಅದರಲ್ಲಿ ಇರುತ್ತಾರೆ. ಕೊಡಗಿನಲ್ಲಿ ಕೋವಿಗೆ ಇರುವ ಗೌರವ ಎಲ್ಲರಿಗೂ ಗೊತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುತ್ತಾರೆ, ಈಗ ಹಬ್ಬದ ಗುರಿ ತೋರಿಸೋದು ತೆಂಗಿನಕಾಯಿಗೆ ಗುಂಡು ಹೊಡೆದು. ಆ ಶಿಸ್ತು ಒಂದು ಪರಂಪರೆ. ಅದನ್ನೂ ರಾತ್ರಿ ಕುಡಿದು ಬರುವ ಗುಂಪನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆದರೆ ಗುಂಪಿನ ಗುಣ ನಿರ್ಧಾರ ಆಗೋದು ಅದರಲ್ಲಿರುವ ಒಳ್ಳೆಯವರಿಂದಲ್ಲ, ತೀರಾ ಕೆಟ್ಟವನಿಂದ. ಹನ್ನೆರಡು ಜನ ಬಂದರೆ ನಿಮಗೆ ಪರಿಚಯ ಇರೋದು ಇಬ್ಬರು. ಉಳಿದ ಹತ್ತು ಜನ ಯಾರು? ಅವರಲ್ಲೊಬ್ಬ ಬಾಟಲಿ ತಂದಿರುತ್ತಾನೆ. ಇನ್ನೊಬ್ಬ ಲೈಸೆನ್ಸ್ ಇಲ್ಲದ ನಾಡಕೋವಿ. ಮತ್ತೊಬ್ಬ ಹಂದಿ ಸಿಗದಿದ್ದರೆ ಬರಿಗೈಲಿ ಹೋಗೋದು ಹೇಗೆ ಅಂತ ಕಡವೆಗೋ ಕಾಡುಕುರಿಗೋ ಗುಂಡು ಹಾಕುತ್ತಾನೆ. ಹೋಗುವಾಗ ಗೇಟು ತೆರೆದೇ ಇರುತ್ತದೆ, ಬೆಳಿಗ್ಗೆ ಊರ ದನವೆಲ್ಲ ನಿಮ್ಮ ತೋಟದಲ್ಲಿ. ಮೆಣಸಿನ ಬಳ್ಳಿ ಎಲ್ಲಿದೆ, ಅಡಿಕೆ ಎಲ್ಲಿ ಒಣಗಿಸುತ್ತೀರಿ, ಪಂಪ್‌ಸೆಟ್ಟು ಎಲ್ಲಿ, ಮನೆಯಲ್ಲಿ ವಯಸ್ಸಾದವರು ಇಬ್ಬರೇ ಇರೋದು ಅನ್ನೋದೆಲ್ಲ ಗುರುತಿಲ್ಲದ ಹತ್ತು ಜನಕ್ಕೆ ಗೊತ್ತಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನೋ ಗಾದೆ ಇಂಥದ್ದಕ್ಕೇ ಇರೋದು.

ಅದಕ್ಕಿಂತ ಅಪಾಯ ಬಿಟ್ಟುಹೋದ ಸಾಮಾನಿನದ್ದು. ಬೈಕಿನ ಕ್ಲಚ್ ವೈರಿನ ಉರುಳು ಬೇಲಿಯ ಕಿಂಡಿಯಲ್ಲೇ ಉಳಿದಿರುತ್ತದೆ. ಅದಕ್ಕೆ ಹಂದಿ ಬದಲು ಚಿರತೆ ಸಿಕ್ಕಿಬಿದ್ದು ನರಳಿ ಸತ್ತ ಸುದ್ದಿಯನ್ನು ನಾವು ವರ್ಷ ವರ್ಷ ಓದುತ್ತಿದ್ದೇವೆ. ಸಿಡಿಮದ್ದಿನ ಉಂಡೆ ಕಚ್ಚಿ ಬಾಯಿ ಛಿದ್ರವಾದ ಹಸು ಮೇವು ತಿನ್ನಲಾಗದೆ ಸಾಯುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಸ್ಫೋಟಕ ತುಂಬಿದ ಕಾಯಿ ಕಚ್ಚಿದ ಗಬ್ಬದ ಆನೆ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟದ್ದನ್ನು ದೇಶವೇ ನೋಡಿತು.

ಕರೆದವರೂ ಅಪರಾಧಿಗಳೇ

"ನಾನೇನು ಹೊಡೆದಿಲ್ಲವಲ್ಲ, ತೋಟಕ್ಕೆ ಬಿಟ್ಟೆ ಅಷ್ಟೇ" ಅನ್ನುವವರಿಗೆ ಈ ನಾಲ್ಕು ವಿಷಯ ಗೊತ್ತಿರಲಿ.

ಒಂದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲೋದು ಮಾತ್ರ ಅಲ್ಲ. ಅಟ್ಟೋದು, ಸೋವೋದು, ಉರುಳು ಹಾಕೋದು, ಆಮಿಷ ಇಡೋದು, ಇವುಗಳಿಗೆ ಪ್ರಯತ್ನ ಮಾಡೋದು ಎಲ್ಲವೂ ಬೇಟೆಯೇ. ಪ್ರಾಣಿಯ ಹಿಂದೆ ನಾಯಿ ಬಿಟ್ಟ ಕೂಡಲೇ ಅಪರಾಧ ಶುರುವಾಯಿತು.

ಎರಡು, ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರನ್ನೂ ಅಪರಾಧ ಮಾಡಿದವರಂತೆಯೇ ನೋಡಬೇಕು ಅಂತ 52ನೇ ಕಲಂ ಹೇಳುತ್ತದೆ.

ಮೂರು, 2022ರ ತಿದ್ದುಪಡಿ ಆದ ಮೇಲೆ ಕಾಡುಹಂದಿ 2ನೇ ಅನುಸೂಚಿಯಲ್ಲಿದೆ. ಈ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾಮಾನ್ಯ ಪ್ರಕರಣಕ್ಕೇ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಅಭಯಾರಣ್ಯದ ಒಳಗಾದರೆ ಶಿಕ್ಷೆ ಇನ್ನೂ ಕಠಿಣ. ಕೋವಿ, ಜೀಪು ಎಲ್ಲ ಜಪ್ತಿ.

ನಾಲ್ಕು, ಬೆಳೆಗೆ ಅಪಾಯ ಅಂತ 11ನೇ ಕಲಮಿನಡಿ ಲಿಖಿತ ಅನುಮತಿ ಸಿಕ್ಕರೂ ಸತ್ತ ಹಂದಿ ಸರ್ಕಾರದ ಆಸ್ತಿ. ಮಾಂಸ ಯಾರದ್ದೂ ಅಲ್ಲ. ಇದೊಂದು ಮಾತು ಗುಂಪಿನವರಿಗೆ ಹೇಳಿ ನೋಡಿ. ನಿಜವಾಗಿ ನಿಮ್ಮ ಬೆಳೆಯ ಮೇಲೆ ಕಾಳಜಿ ಇದ್ದು ಬರುವವರು ಎಷ್ಟು ಜನ, ಪಾಲಿಗೋಸ್ಕರ ಬರುವವರು ಎಷ್ಟು ಜನ ಅಂತ ಅಲ್ಲೇ ಗೊತ್ತಾಗುತ್ತದೆ.

ಬೇಟೆಗೆ ಅವಕಾಶ ಇರುವ ಕಡೆಯೂ ಇದೇ ಗೋಳು

ನಮ್ಮಲ್ಲಿ ಕಾನೂನು ಬಿಗಿ ಇರೋದರಿಂದ ಈ ಸಮಸ್ಯೆ ಅನ್ನುವವರಿದ್ದಾರೆ. ಕಾನೂನು ಸಡಿಲ ಇರುವ ಕಡೆ ಏನಾಗಿದೆ ನೋಡೋಣ. ಅಮೆರಿಕದಲ್ಲಿ ಕಯೋಟಿ ಅನ್ನುವ ಪ್ರಾಣಿ ಇದೆ. ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಚಿಕ್ಕದು. ಕುರಿ, ಕೋಳಿ ಹಿಡಿಯುತ್ತದೆ ಅಂತ ಬಹಳಷ್ಟು ರಾಜ್ಯಗಳಲ್ಲಿ ಅದರ ಬೇಟೆಗೆ ಅವಕಾಶ ಇದೆ, ನಾಯಿ ಬಿಟ್ಟು ಅಟ್ಟುವವರೂ ಇದ್ದಾರೆ. ಅಲ್ಲೂ ಜಮೀನುದಾರರ ದೂರು ಇದೇ: ಕೇಳದೆ ನಮ್ಮ ಜಾಗಕ್ಕೆ ನಾಯಿ ನುಗ್ಗುತ್ತವೆ, ಹೇಳಿದರೆ ಬೇಟೆಗಾರರು ಜಗಳಕ್ಕೆ ಬರುತ್ತಾರೆ. ಕೊನೆಗೆ ವರ್ಮಾಂಟ್ ರಾಜ್ಯ 2018ರಲ್ಲಿ ಕಯೋಟಿ ಬೇಟೆಯ ಸ್ಪರ್ಧೆಗಳನ್ನೇ ನಿಷೇಧಿಸಿತು. 2022ರಲ್ಲಿ ಇನ್ನೊಂದು ಕಾನೂನು ತಂದು, ನಾಯಿ ಬಿಟ್ಟು ಕಯೋಟಿ ಬೇಟೆಯಾಡೋಕೆ ಪರವಾನಗಿ ಬೇಕು, ನಾಯಿ ಬಿಡುವ ಮೊದಲು ಜಮೀನಿನವರ ಒಪ್ಪಿಗೆ ಬೇಕು ಅಂತ ಮಾಡಿತು.

ಅದೇ ದೇಶದಲ್ಲಿ ಕುರಿ ಸಾಕುವ ಸಾವಿರಾರು ಜನ ಬೇರೆ ದಾರಿ ಹಿಡಿದಿದ್ದಾರೆ. ಮರಿ ಇದ್ದಾಗಿನಿಂದಲೇ ಕುರಿಗಳ ಜೊತೆ ಬೆಳೆಸಿದ ಕಾವಲು ನಾಯಿಯನ್ನು ಹಿಂಡಿನಲ್ಲೇ ಬಿಡುತ್ತಾರೆ. ಅದು ಬೊಗಳುತ್ತದೆ, ಅಡ್ಡ ನಿಲ್ಲುತ್ತದೆ, ಅಟ್ಟಿಕೊಂಡು ಹೋಗೋದಿಲ್ಲ. ನಮ್ಮ ಕುರಿಹಟ್ಟಿಯ ಬುದ್ಧಿಯೇ ಅಲ್ಲವೇ ಇದು?

ಹಾಗಾದರೆ ಹಂದಿಗೆ ಬಿಟ್ಟುಬಿಡೋದಾ?

ಖಂಡಿತ ಇಲ್ಲ. ಮೊದಲ ಕೆಲಸ ಬೇಲಿ. ಸೋಲಾರ್ ಬೇಲಿ, ಅಂದರೆ ನಮ್ಮ ಕಡೆ ಐಬೆಕ್ಸ್ ಬೇಲಿ ಅನ್ನೋದು, ಬಿಟ್ಟು ಬಿಟ್ಟು ಚುರುಕು ಮುಟ್ಟಿಸುತ್ತದೆ, ಕೊಲ್ಲೋದಿಲ್ಲ. ಹಂದಿಗೆ ಮುಖ್ಯ ಕೆಳಗಿನ ತಂತಿ. ಅದು ನೆಲದಿಂದ ಮುಕ್ಕಾಲು ಅಡಿ ಎತ್ತರದಲ್ಲಿ, ಮೂತಿಗೆ ತಾಗುವಂತೆ ಇರಬೇಕು. ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಸವರಲೇಬೇಕು. ಮೇನ್ ಲೈನಿನಿಂದ ನೇರ ಕರೆಂಟು ಕೊಡುವ ಯೋಚನೆಯನ್ನೂ ಮಾಡಬೇಡಿ. ಅದರಲ್ಲಿ ಸಾಯೋದು ಹಂದಿಯೇ ಅಂತ ಬರೆದುಕೊಟ್ಟವರಿಲ್ಲ, ನಿಮ್ಮ ಮಗನೇ ಆಗಬಹುದು.

ಒಬ್ಬೊಬ್ಬರೇ ಬೇಲಿ ಹಾಕೋದು ದುಬಾರಿ, ನಿಜ. ಲೆಕ್ಕ ನೋಡಿ. ಚೌಕಾಕಾರದ ಒಂದು ಎಕರೆಗೆ ಸುತ್ತಳತೆ ಸುಮಾರು 835 ಅಡಿ. ನಾಲ್ಕು ಮನೆಯವರು ತಮ್ಮ ಒಂದೊಂದು ಎಕರೆಗೆ ಬೇರೆ ಬೇರೆ ಹಾಕಿದರೆ 3,340 ಅಡಿ ಬೇಲಿ. ನಾಲ್ಕೂ ಒಟ್ಟಿಗಿದ್ದು ಸುತ್ತ ಒಂದೇ ಬೇಲಿ ಹಾಕಿದರೆ 1,670 ಅಡಿ ಸಾಕು. ಅರ್ಧಕ್ಕೆ ಅರ್ಧ ಉಳಿತಾಯ. ಕೆಲಸ ಕೆಡೋದು ತಂತಿಯಿಂದಲ್ಲ, ಅಕ್ಕಪಕ್ಕದವರು ಮಾತು ಬಿಟ್ಟಿರೋದರಿಂದ. ಸೂಕ್ಷ್ಮವಾದ ಹದಿನೈದು ಇಪ್ಪತ್ತು ದಿನ ಸರದಿಯಲ್ಲಿ ಮಾಳದಲ್ಲಿ ಕಾವಲು ಕೂತರೂ ಆಯಿತು. ನಮ್ಮ ಹಿರಿಯರು ಡಬ್ಬ ಬಡಿದು, ಕೂಗು ಹಾಕಿ ಕಾದದ್ದು ಹಾಗೇ.

ಹಾನಿ ಆದರೆ ಅವತ್ತೇ ಫೋಟೋ ತೆಗೆದು, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಇಟ್ಟು ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಪರಿಹಾರದ ಮೊತ್ತ ಕಮ್ಮಿ ಅಂತ ಅರ್ಜಿಯನ್ನೇ ಕೊಡದಿದ್ದರೆ, ಸರ್ಕಾರದ ಕಡತದಲ್ಲಿ ನಿಮ್ಮ ಊರಲ್ಲಿ ಹಂದಿ ಕಾಟವೇ ಇಲ್ಲ ಅಂತಾಗುತ್ತದೆ.

ಸರ್ಕಾರಕ್ಕೂ ಒಂದು ಮಾತು ಹೇಳಲೇಬೇಕು. ಅನುಮತಿ ಕಾಯ್ದೆಯಲ್ಲಿ ಇದೆ, ರೈತನ ಕೈಗೆ ಬರೋದಿಲ್ಲ. ಕಾಗದ ಬರುವಷ್ಟರಲ್ಲಿ ಗದ್ದೆ ಕೊಯ್ಲಾಗಿರುತ್ತದೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಇಟ್ಟು ಬರಬೇಕು, ಹಂದಿಗೇನು ನೀತಿ ಸಂಹಿತೆ ಇದೆಯೇ? ಕೇರಳ 2022ರಲ್ಲಿ ಹಾನಿ ಮಾಡುವ ಕಾಡುಹಂದಿಯನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಆದರೆ ವಿಷ, ಸ್ಫೋಟಕ, ಕರೆಂಟು ಬಳಸುವಂತಿಲ್ಲ ಅಂತ ಷರತ್ತನ್ನೂ ಹಾಕಿತು. ನಮ್ಮಲ್ಲೂ ಪಂಚಾಯಿತಿ ಮಟ್ಟದಲ್ಲಿ ಹೆಸರು ಗೊತ್ತಿರುವ, ಲೈಸೆನ್ಸ್ ಇರುವ ನಾಲ್ಕು ಜನರ ಪಟ್ಟಿ ಇರಲಿ. ಅರಣ್ಯ ಇಲಾಖೆಯವರು ಎದುರಿಗಿರಲಿ. ಸತ್ತ ಹಂದಿಯನ್ನು ಅಲ್ಲೇ ಹೂಳಲಿ. ಮಾಂಸದ ಆಸೆ ಹೋದರೆ ಪುಂಡರೂ ಹೋಗುತ್ತಾರೆ. ಸರ್ಕಾರ ಈ ಬಾಗಿಲು ಮುಚ್ಚಿಟ್ಟಷ್ಟು ದಿನ ರೈತ ಹಿಂಬಾಗಿಲಿನಿಂದ ಶಿಕಾರಿ ಗುಂಪನ್ನು ಕರೆಯುತ್ತಲೇ ಇರುತ್ತಾನೆ.

ನಿಮ್ಮ ನಾಯಿ ಊರಿಗೆ ಕಾಟ ಆಗದಿರಲಿ

ಬೊಗಳುವ ನಾಯಿ ಬೇಕು ಅಂದೆ. ರಾತ್ರಿಯಿಡೀ ಸುಮ್ಮಸುಮ್ಮನೆ ಬೊಗಳುವ ನಾಯಿ ಬೇಕು ಅಂದಿಲ್ಲ. ಅದರಿಂದ ನೆರೆಯವರ ನಿದ್ದೆ ಹಾಳು, ನಿಮಗೂ ನಿಜವಾದ ಸುದ್ದಿ ಯಾವುದು, ಸುಳ್ಳು ಯಾವುದು ಅಂತ ತಿಳಿಯೋದಿಲ್ಲ.

- ಹಗಲಿಡೀ ಚೈನಿನಲ್ಲಿರುವ ನಾಯಿ ಎಲೆ ಅಲ್ಲಾಡಿದರೂ ಬೊಗಳುತ್ತದೆ. ಬೇಲಿಯ ಒಳಗೆ ದಿನಾ ಸ್ವಲ್ಪ ಹೊತ್ತು ಬಿಡಿ.
- ರಸ್ತೆ ಕಾಣುವ ಕಡೆ ಕಟ್ಟಬೇಡಿ. ಗದ್ದೆ, ತೋಟದ ಕಡೆ ಮುಖ ಇರಲಿ.
- ಸಂಜೆ ಹೊಟ್ಟೆ ತುಂಬ ಹಾಕಿ. ಹಸಿದ ನಾಯಿ ಕಾಯೋದಿಲ್ಲ, ಅಲೆಯುತ್ತದೆ.
- ಬೊಗಳಿದಾಗ ಮನೆಯೊಳಗಿಂದಲೇ ಗದರಬೇಡಿ, ನೀವೂ ಜೊತೆಗೆ ಬೊಗಳುತ್ತಿದ್ದೀರಿ ಅಂತ ಅದು ತಿಳಿಯುತ್ತದೆ. ಎದ್ದು ಹೋಗಿ ನೋಡಿ, "ಸಾಕು" ಅನ್ನಿ, ಸುಮ್ಮನಾದ ಮೇಲೆ ಒಂದು ತುತ್ತು ಕೊಡಿ. ಮರಿಯಿಂದಲೇ ಹೀಗೆ ಮಾಡಿದರೆ ಬೇಗ ಕಲಿಯುತ್ತದೆ.
- ಚಿರತೆ ಓಡಾಡುವ ಊರಾದರೆ ರಾತ್ರಿ ಕಟ್ಟಿ ಹೊರಗೆ ಬಿಡಬೇಡಿ. ಕಬ್ಬಿಣದ ಬಲೆಯ ಗೂಡಿನೊಳಗಿಂದಲೂ ಅದು ಬೊಗಳಬಲ್ಲದು.
- ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪ್ರತಿ ವರ್ಷ. ಸಂತಾನಹರಣ ಮಾಡಿಸಿದರೆ ಗಂಡು ನಾಯಿ ಊರು ಸುತ್ತೋದು ಕಮ್ಮಿಯಾಗುತ್ತದೆ.

ಪಕ್ಕದವರ ನಾಯಿಯ ಕಾಟ ಅಂತ ಅನ್ನಕ್ಕೆ ಕೀಟನಾಶಕ ಕಲಸಿ ಇಡುವವರಿದ್ದಾರೆ. ಇದು ಹೇಡಿತನ, ಅಪರಾಧ ಕೂಡ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ. ಆ ಅನ್ನ ಮೊದಲು ತಿನ್ನೋದು ನಿಮ್ಮದೇ ಕೋಳಿಯೋ, ಬೆಕ್ಕೋ ಆಗಿರಬಹುದು. ಶಿಕಾರಿ ಗುಂಪಿನ ನಾಯಿಗಾದರೂ ಅಷ್ಟೇ. ಬಿಟ್ಟವರನ್ನು ಕೇಳಬೇಕೇ ಹೊರತು ನಾಯಿಯ ಮೇಲೆ ಹಗೆ ತೀರಿಸಬಾರದು.

ಗುಂಪು ಬಂದೇಬಿಟ್ಟರೆ

ರಾತ್ರಿ ಕತ್ತಲಲ್ಲಿ, ಕೋವಿ ಹಿಡಿದು ಕುಡಿದವರ ಎದುರು ಹೋಗಿ ಪೌರುಷ ತೋರಿಸಬೇಡಿ. ಮನೆಯವರು ಒಳಗಿರಲಿ. ನಿಮ್ಮ ನಾಯಿಯನ್ನು ಒಳಗೆ ಕಟ್ಟಿ. ಕಂಡರೆ ವಾಹನದ ನಂಬರ್ ಬರೆದುಕೊಳ್ಳಿ. ಗುಂಡಿನ ಸದ್ದಾದ ಸಮಯ ಗುರುತಿಟ್ಟುಕೊಳ್ಳಿ. 112ಕ್ಕೋ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೋ ಫೋನ್ ಮಾಡಿ. ಬೆಳಿಗ್ಗೆ ಇಬ್ಬರು ಜೊತೆಯಾಗಿ ಬೇಲಿಯುದ್ದಕ್ಕೂ ಉರುಳು, ಉಂಡೆ ಏನಾದರೂ ಬಿಟ್ಟಿದ್ದಾರಾ ನೋಡಿ, ಆ ತನಕ ದನ ಬಿಡಬೇಡಿ. ಉಂಡೆ ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ಹೇಳಿ.

ಅವರನ್ನು ಕರೆಸಿದವರು ನಿಮ್ಮೂರಿನವರೇ ಆಗಿದ್ದರೆ ಎಲ್ಲರೆದುರು ಜಗಳ ತೆಗೆಯಬೇಡಿ. ಹಗಲು ಹೊತ್ತಲ್ಲಿ ಅವರ ಜಗಲಿಗೇ ಹೋಗಿ ಕೂತು ಮಾತಾಡಿ. "ನಿಮ್ಮ ಬೆಳೆ ಹಾಳಾದ ಸಂಕಟ ನನಗೂ ಗೊತ್ತು ಅಣ್ಣ, ಬೇಲಿಗೆ ನಾನೂ ಸೇರುತ್ತೇನೆ, ಆದರೆ ಇವರು ಮಾತ್ರ ಬೇಡ" ಅನ್ನಿ. ಬರಿ ಬೇಡ ಅಂದರೆ ವೈರ ಉಳಿಯುತ್ತದೆ, ಜೊತೆಗೊಂದು ದಾರಿ ತೋರಿಸಿದರೆ ಮಾತು ನಡೆಯುತ್ತದೆ. ಆಮೇಲೆ ಹತ್ತು ಮನೆಯವರು ಸಹಿ ಹಾಕಿ ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿಸಿ: ನಮ್ಮೂರ ಜಮೀನಿಗೆ ಹೊರಗಿನ ಬೇಟೆ ಗುಂಪಿಗೆ ಪ್ರವೇಶ ಇಲ್ಲ. ಒಬ್ಬ ಬೇಡ ಅಂದರೆ ಅವನು ಗುಂಪಿನ ಕಣ್ಣಿಗೆ ಬೀಳುತ್ತಾನೆ. ಊರೇ ಬೇಡ ಅಂದರೆ ಯಾರ ಮೇಲೆ ಸಿಟ್ಟು ಮಾಡುತ್ತಾರೆ?

ಇಲಿ ಬಂತೆಂದು ಮನೆಗೆ ಬೆಂಕಿ ಇಡುವ ಕೆಲಸ ಮಾಡೋದು ಬೇಡ. ಹಂದಿ ತಿಂದ ಗದ್ದೆಯಲ್ಲಿ ಮುಂದಿನ ವರ್ಷ ಮತ್ತೆ ಬೆಳೆ ತೆಗೆಯಬಹುದು. ಗುಂಡು ದಾರಿ ತಪ್ಪಿ ಹೋದ ಜೀವ, ಕೋರ್ಟು ಅಲೆದು ಹೋದ ವರ್ಷಗಳು, ಮುರಿದುಹೋದ ನೆರೆಕರೆ ಹಾಗೆ ತಿರುಗಿ ಬರೋದಿಲ್ಲ. ಈ ಸಲದ ಕೊಯ್ಲಿಗೆ ಮುಂಚೆ ಪಕ್ಕದ ಮೂರು ಮನೆಯವರನ್ನು ಕರೆದು, ಬೇಲಿಯ ಅಳತೆಗೆ ಒಂದು ಹಗ್ಗ ಹಿಡಿಯಿರಿ.